ಘಟ್ಟದ ಮೇಲೆ ತೋಟ, ಕೆಳಗೆ ಕಡಲು: ಕಿಸೆಗೆ ಯಾವ ಚಾಕು?

ಪ್ರಶ್ನೆ: ನನ್ನ ನೌಕರಿ ಕಾರವಾರದಲ್ಲಿ, ಮನೆ ಮತ್ತು ತೋಟ ಶಿರಸಿ ಹತ್ತಿರ. ರಜೆ ಸಿಕ್ಕಾಗಲೆಲ್ಲ ದೇವಿಮನೆ ಘಟ್ಟ ಹತ್ತಿ ಊರಿಗೆ ಹೋಗುತ್ತೇನೆ. ಹಣ್ಣು ಹೆಚ್ಚಲು, ಪಾರ್ಸೆಲ್ ಬಿಚ್ಚಲು, ಕಾಳುಮೆಣಸಿನ ಬಳ್ಳಿ ಕಟ್ಟುವಾಗ ಹಗ್ಗ ತುಂಡರಿಸಲು, ಗಾಳ ಹಾಕಲು ಹೋದಾಗ ನೂಲು ಕತ್ತರಿಸಲು, ಎಲ್ಲಕ್ಕೂ ಆಗುವಂಥ ಒಂದು ಮಡಚುವ ಚಾಕು ಬೇಕು. ಕಿಸೆಗೆ ಭಾರ ಆಗಬಾರದು. ಆನ್‌ಲೈನ್‌ನಲ್ಲಿ ಡಿ2 ಉಕ್ಕಿನ, 130 ಗ್ರಾಂ ತೂಕದ ಕಪ್ಪು ಚಾಕು ನೋಡಿಟ್ಟಿದ್ದೇನೆ. ತೆಗೆದುಕೊಳ್ಳಲೇ? ತೆರೆದ ಅಲಗು ಮಡಚಿಕೊಳ್ಳದಂತೆ ಹಿಡಿಯುವ ಲಾಕ್ ಇರಲೇಬೇಕೇ? ಕಿಸೆಯಲ್ಲಿಟ್ಟು ತಿರುಗಿದರೆ ಕಾನೂನಿನ ತೊಂದರೆ ಇದೆಯೇ? ಆಚಾರಿ ಮಾಡಿಕೊಟ್ಟ ಕತ್ತಿ ಮನೆಯಲ್ಲಿರುವಾಗ ಇದೆಲ್ಲ ಯಾಕೆ ಎನ್ನುವುದು ಅಪ್ಪನ ವಾದ.

ಉತ್ತರ: ಆ ಡಿ2 ಚಾಕು ಬೇಡ. ಉಕ್ಕು ಒಳ್ಳೆಯದೇ, ಒಮ್ಮೆ ಮಸೆದರೆ ಹರಿತ ಬಹಳ ದಿನ ನಿಲ್ಲುತ್ತದೆ. ಆದರೆ ನೀವು ಅದನ್ನು ಇಟ್ಟುಕೊಳ್ಳಲು ಹೊರಟಿರುವ ಜಾಗ ಅದಕ್ಕೆ ಆಗಿಬರುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಚಾಕು ಕೊಳ್ಳುವವರು ಹರಿತ ಎಷ್ಟು ದಿನ ನಿಲ್ಲುತ್ತದೆ ಎಂಬ ಪ್ರಶ್ನೆಯನ್ನು ಎರಡನೆಯದಾಗಿ ಕೇಳಬೇಕು. ಇದಕ್ಕೆ ಯಾವ ಯಾವ ನೀರು, ಯಾವ ರಸ ತಾಗುತ್ತದೆ ಎಂಬುದು ಮೊದಲ ಪ್ರಶ್ನೆ.

ಕಾರವಾರದ ಗಾಳಿಯಲ್ಲೇ ಉಪ್ಪಿದೆ. ಕಡಲಿಗೆ ಮುಖ ಮಾಡಿದ ಮನೆಗಳ ಕಿಟಕಿ ಸರಳು, ಬಾಗಿಲ ಚಿಲಕ, ಸ್ಕೂಟರಿನ ಸೈಲೆನ್ಸರ್ ನೋಡಿದರೆ ಸಾಕು, ಬೇರೆ ಸಾಕ್ಷಿ ಬೇಡ. ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್‌ ಆಸುಪಾಸು ಮಳೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಕಿಸೆ ಒಣಗುವುದೇ ಅಪರೂಪ. ಘಟ್ಟ ಹತ್ತಿದರೆ ಉಪ್ಪು ತಪ್ಪುತ್ತದೆ, ಆದರೆ ಅಲ್ಲಿ ಬೇರೆಯೇ ಸಾಲು ಕಾದಿರುತ್ತದೆ: ಹಸಿ ಅಡಕೆಯ ಚೊಗರು, ಮುರುಗಲು ಹಣ್ಣಿನ ಹುಳಿ, ಅಪ್ಪೆಮಿಡಿಯ ಸೊನೆ, ಗೇರು ಸೊನೆ, ಹಲಸಿನ ಮೇಣ. ಅಡಕೆಯಲ್ಲಿರುವ ಟ್ಯಾನಿನ್ ಕಬ್ಬಿಣದ ಜೊತೆ ಸೇರಿದರೆ ಕಡುಗಪ್ಪು ಕಲೆಯಾಗುತ್ತದೆ. ಸಾದಾ ಉಕ್ಕಿನ ಅಲಗಿನಿಂದ ಹಸಿ ಅಡಕೆಯೊಂದನ್ನು ಹೋಳು ಮಾಡಿ, ಒರೆಸದೆ ಬಿಟ್ಟು ನೋಡಿ. ಒಂದು ಕವಳ ಹಾಕಿ ಮುಗಿಸುವುದರೊಳಗೆ ಅಲಗಿನ ಮೇಲೆ ನೀಲಿಗಪ್ಪು ಮಚ್ಚೆ ಎದ್ದಿರುತ್ತದೆ. ಆ ಕಪ್ಪಿನಿಂದ ದೊಡ್ಡ ಹಾನಿಯಿಲ್ಲ. ಹುಳಿ ಮತ್ತು ಉಪ್ಪು ಮಾತ್ರ ಅಲಗನ್ನು ನಿಜವಾಗಿ ತಿನ್ನುತ್ತವೆ.

ಸ್ಟೇನ್‌ಲೆಸ್ ಉಕ್ಕು ತುಕ್ಕು ಹಿಡಿಯದಿರುವುದು ಅದರಲ್ಲಿರುವ ಕ್ರೋಮಿಯಂನಿಂದ. ಕ್ರೋಮಿಯಂ ಗಾಳಿಯ ಆಮ್ಲಜನಕದ ಜೊತೆ ಸೇರಿ ಅಲಗಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪದರವೊಂದನ್ನು ಕಟ್ಟುತ್ತದೆ. ಗೀರು ಬಿದ್ದರೆ ತಾನಾಗಿಯೇ ಮತ್ತೆ ಕಟ್ಟಿಕೊಳ್ಳುತ್ತದೆ. ಉಪ್ಪಿನಲ್ಲಿರುವ ಕ್ಲೋರೈಡ್ ಆ ಪದರವನ್ನು ಅಲ್ಲಲ್ಲಿ ಚುಚ್ಚಿ ಒಡೆಯುತ್ತದೆ. ಒಡೆದ ಕಡೆ ಸೂಜಿಮೊನೆಯಷ್ಟು ಸಣ್ಣ ಗುಳಿ ಬಿದ್ದು ಒಳಗೊಳಗೇ ಆಳವಾಗುತ್ತಾ ಹೋಗುತ್ತದೆ. ಗಾಳಿಯಾಡದ ಕೀಲಿನ ಸಂದಿಯಲ್ಲಿ ಇದು ಇನ್ನೂ ಜೋರು. ಮಸೆಯಲು ನನ್ನ ಬಳಿ ಬರುವ ಮಡಚುವ ಚಾಕುಗಳಲ್ಲಿ ಹೊಳೆಯುವ ಅಲಗನ್ನು ಕೀಲಿನ ಬುಡದಲ್ಲಿ ಬಿಚ್ಚಿ ನೋಡಿದರೆ ಕಂದು ಹುಡಿ ಉದುರುವುದು ಸಾಮಾನ್ಯ. ಹೊರಗಿನ ಹೊಳಪು ನೋಡಿ ನಂಬುವಂತಿಲ್ಲ.

ಈಗ ಡಿ2 ವಿಷಯ. ಅದರಲ್ಲಿ ಕ್ರೋಮಿಯಂ ಸುಮಾರು 12 ಶೇಕಡಾ ಇದೆ, ಮಾರುವವರು ಅದನ್ನು ತೋರಿಸಿ ಹೆಚ್ಚುಕಡಿಮೆ ಸ್ಟೇನ್‌ಲೆಸ್ ಎನ್ನುತ್ತಾರೆ. ಆದರೆ ಇಂಗಾಲವೂ 1.5 ಶೇಕಡಾ ಇದೆ. ಇಷ್ಟು ಇಂಗಾಲ ಕ್ರೋಮಿಯಂನ ದೊಡ್ಡ ಪಾಲನ್ನು ಹಿಡಿದು ಗಟ್ಟಿಯಾದ ಕಾರ್ಬೈಡ್ ಕಣಗಳನ್ನು ಮಾಡಿಬಿಡುತ್ತದೆ. ಹರಿತ ನಿಲ್ಲುವುದು ಆ ಕಣಗಳ ಬಲದಿಂದಲೇ. ಹಾಗೆ ಕಟ್ಟಿಬಿದ್ದ ಕ್ರೋಮಿಯಂ ರಕ್ಷಣೆಯ ಪದರ ಕಟ್ಟಲು ಸಿಗುವುದಿಲ್ಲ. ಲೆಕ್ಕದಲ್ಲಿರುವ ಕ್ರೋಮಿಯಂ ಬೇರೆ, ಕೆಲಸಕ್ಕೆ ಬರುವ ಕ್ರೋಮಿಯಂ ಬೇರೆ. ಅಮೆರಿಕದ ಲೋಹತಜ್ಞ ಲ್ಯಾರಿನ್ ಥಾಮಸ್ ರೂಪಿಸಿ 2021ರಲ್ಲಿ ಮಾರುಕಟ್ಟೆಗೆ ಬಂದ ಮ್ಯಾಗ್ನಾಕಟ್ ಎಂಬ ಉಕ್ಕನ್ನು ನೋಡಿ: ಕ್ರೋಮಿಯಂ 10.7 ಶೇಕಡಾ ಮಾತ್ರ, ಡಿ2ಗಿಂತ ಕಡಿಮೆ. ಆದರೂ ತುಕ್ಕಿನ ವಿಷಯದಲ್ಲಿ ಡಿ2 ಅದರ ಹತ್ತಿರವೂ ಬರುವುದಿಲ್ಲ. ಯಾಕೆಂದರೆ ಅದರಲ್ಲಿ ಕ್ರೋಮಿಯಂ ಕಾರ್ಬೈಡ್‌ಗೆ ಸಿಕ್ಕಿಬೀಳದಂತೆ ಮಿಶ್ರಣ ಮಾಡಿದ್ದಾರೆ. ಕಪ್ಪು ಬಣ್ಣವನ್ನೂ ನೆಚ್ಚಿಕೊಳ್ಳಬೇಡಿ. ಮಸೆದ ಬಾಯಿಯಲ್ಲಿ ಬಣ್ಣ ಇರುವುದೇ ಇಲ್ಲ, ತುಕ್ಕು ಶುರುವಾಗುವುದೂ ಅಲ್ಲಿಂದಲೇ.

ಹಾಗಾದರೆ ಯಾವುದು? ನನ್ನ ಮಟ್ಟಿಗೆ ಈ ಜಿಲ್ಲೆಗೆ ಹೇಳಿ ಮಾಡಿಸಿದಂತಿರುವುದು ಸ್ವೀಡನ್ನಿನ 14ಸಿ28ಎನ್ ಎಂಬ ಉಕ್ಕು. ಇಂಗಾಲ 0.62, ಕ್ರೋಮಿಯಂ 14 ಶೇಕಡಾ, ಜೊತೆಗೆ ಚೂರು ಸಾರಜನಕ. ಅದರ ಅಣ್ಣ 12ಸಿ27 ಕೂಡ ಒಳ್ಳೆಯದೇ. ಇವು ನುಣ್ಣಗೆ ಮಸೆಯಲು ಬರುತ್ತವೆ, ಮನೆಯ ಮಾಮೂಲಿ ಕಲ್ಲಿಗೂ ಬಗ್ಗುತ್ತವೆ. ವಿಕ್ಟೋರಿನಾಕ್ಸ್‌ನ ಸ್ವಿಸ್ ಚಾಕುಗಳ ಉಕ್ಕು ಇನ್ನೂ ಮೆದು, ಗಡಸುತನದ ರಾಕ್‌ವೆಲ್ ಅಳತೆಯಲ್ಲಿ 55–56. ಬೇಗ ಮೊಂಡಾಗುತ್ತದೆ ಎಂದು ಕೆಲವರು ಮೂಗು ಮುರಿಯುತ್ತಾರೆ. ಆದರೆ ಅಷ್ಟೇ ಬೇಗ ಹರಿತವೂ ಆಗುತ್ತದೆ, ಮತ್ತು ತುಕ್ಕಿನ ವಿಷಯದಲ್ಲಿ ತಲೆನೋವಿಲ್ಲ. ಚೀನಾದ 8ಸಿಆರ್13ಎಂಒವಿ ಕಡಿಮೆ ಬೆಲೆಗೆ ಸಿಗುತ್ತದೆ. ಒರೆಸಿ ಇಡುವ ಅಭ್ಯಾಸ ಇದ್ದವರಿಗೆ ಸಾಕು, ಕಡಲ ಬದಿಯಲ್ಲಿ ಸ್ವಲ್ಪ ಹೆಚ್ಚೇ ಕಾಳಜಿ ಬೇಡುತ್ತದೆ. ದೋಣಿಯ ಮೇಲೆ ದಿನಗಟ್ಟಲೆ ಇರುವವರಿಗೆ ಎಚ್1, ಎಲ್‌ಸಿ200ಎನ್ ಎಂಬ ಉಕ್ಕುಗಳಿವೆ. ಅವುಗಳಲ್ಲಿ ಇಂಗಾಲವನ್ನು ಇಳಿಸಿ ಅದರ ಜಾಗಕ್ಕೆ ಸಾರಜನಕವನ್ನು ತಂದಿದ್ದಾರೆ. ಉಪ್ಪುನೀರಲ್ಲಿ ಮುಳುಗಿಸಿ ಮರೆತರೂ ತುಕ್ಕು ಹತ್ತುವುದಿಲ್ಲ ಎನ್ನುವಷ್ಟು ಗಟ್ಟಿ. ಬೆಲೆಯೂ ಅಷ್ಟೇ ಗಟ್ಟಿ. ರಜೆಯಲ್ಲಿ ಗಾಳ ಹಾಕುವ ನಿಮಗೆ ಅದರ ಅಗತ್ಯ ಕಾಣುವುದಿಲ್ಲ.

ತೂಕಕ್ಕೆ ಬರೋಣ. 130 ಗ್ರಾಂ ಕೇಳಲು ಏನೂ ಅಲ್ಲ. ಆದರೆ ತೆಳು ಬಟ್ಟೆಯ ಪ್ಯಾಂಟಿನಲ್ಲಿ ಮೊಬೈಲ್, ಬೀಗದ ಕೈ ಜೊತೆ ಅದನ್ನು ಹಾಕಿ ಒಂದು ಸಂಜೆ ನಡೆಯಿರಿ, ಮರುದಿನ ಅದು ಮೇಜಿನ ಖಾನೆ ಸೇರಿರುತ್ತದೆ. ಖಾನೆಯಲ್ಲಿರುವ ಚಾಕು ತೋಟದಲ್ಲಿ ಕೆಲಸಕ್ಕೆ ಬರುವುದಿಲ್ಲ. 80 ಗ್ರಾಂ ಒಳಗಿರಲಿ, 50ರ ಆಸುಪಾಸು ಸಿಕ್ಕರೆ ಇನ್ನೂ ಚೆನ್ನ. ತೂಕ ಇಳಿಸಲು ಅಲಗನ್ನು ಗಿಡ್ಡ ಮಾಡುವುದಕ್ಕಿಂತ ತೆಳ್ಳಗೆ ಮಾಡುವುದು ಜಾಣತನ. ಭಾರದ ಚಾಕುಗಳ ಅಲಗು ಬೆನ್ನಿನಲ್ಲಿ ಮೂರೂವರೆ, ನಾಲ್ಕು ಮಿಲಿಮೀಟರ್ ದಪ್ಪ ಇರುತ್ತದೆ. ಅದರಿಂದ ಸೇಬು ಹೆಚ್ಚಲು ಹೋದರೆ ಹೋಳಾಗುವ ಬದಲು ಸೀಳುತ್ತದೆ. ಬೆನ್ನು ಎರಡು, ಎರಡೂವರೆ ಮಿಲಿಮೀಟರ್ ಇದ್ದು ಬಾಯಿಯ ಕಡೆ ಸಪೂರಾಗುತ್ತಾ ಬಂದ ಅಲಗು ಅರ್ಧ ಮೊಂಡಾದರೂ ಕೆಲಸ ಮಾಡುತ್ತದೆ. ಉದ್ದ 6ರಿಂದ 8 ಸೆಂಟಿಮೀಟರ್ ಸಾಕು.

ಹಿಡಿಯಲ್ಲಿ ಮಾತ್ರ ಜಿಪುಣತನ ಬೇಡ. ನಾಲ್ಕೂ ಬೆರಳು ಕೂರದಿದ್ದರೂ ಮೂರಂತೂ ಸರಿಯಾಗಿ ಕೂರಬೇಕು. ಮೀನಿನ ಲೋಳೆ, ಬಾಳೆಯ ರಸ, ಮಳೆನೀರು ಹತ್ತಿದ ಕೈಯಲ್ಲಿ ಜಾರಬಾರದು. ಅಂಗಡಿಯಲ್ಲಿ ನೋಡುವುದಾದರೆ ಕೈ ಒದ್ದೆ ಮಾಡಿಕೊಂಡೇ ಹಿಡಿದು ನೋಡಿ, ಸಂಕೋಚ ಬೇಡ. ಇನ್ನೊಂದು: ಕ್ಲಿಪ್ ಇರುವ ಚಾಕು ಪ್ಯಾಂಟಿಗೆ ಸರಿ. ತೋಟಕ್ಕೆ ಹೋಗುವಾಗ ನೀವು ಪಂಚೆಯನ್ನೋ ಲುಂಗಿಯನ್ನೋ ಸುತ್ತಿಕೊಳ್ಳುವವರಾದರೆ ಕ್ಲಿಪ್ಪಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಹಿಡಿಯ ಹಿಂಬದಿಯಲ್ಲಿ ದಾರ ಪೋಣಿಸುವ ತೂತು ಅಥವಾ ಬಳೆ ಇರುವಂಥದ್ದು ತೆಗೆದುಕೊಂಡರೆ ಉಡಿದಾರಕ್ಕೋ ಕವಳದ ಸಂಚಿಗೋ ಕಟ್ಟಿಕೊಳ್ಳಬಹುದು. ದಾರ ಕೆಂಪೋ ಹಳದಿಯೋ ಇರಲಿ. ತೋಟದ ತರಗೆಲೆಯ ಮೇಲೆ ಬಿದ್ದ ಕಪ್ಪು ಚಾಕುವನ್ನು ಹುಡುಕುವ ಕಷ್ಟ ಯಾರಿಗೂ ಬೇಡ.

ಲಾಕ್ ಬಗ್ಗೆ ನನ್ನ ಅಭಿಪ್ರಾಯ ಹಲವರಿಗೆ ಹಿಡಿಸುವುದಿಲ್ಲ. ನೀವು ಬರೆದ ಕೆಲಸಗಳಿಗೆ ಲಾಕ್ ಅನಿವಾರ್ಯವಲ್ಲ. ಬೆನ್ನಿನ ಸ್ಪ್ರಿಂಗ್ ಬಿಗಿಯಾಗಿರುವ ಸಾದಾ ಚಾಕುವಿನಿಂದ ಹಣ್ಣು, ಹಗ್ಗ, ರಟ್ಟು ಎಲ್ಲ ಸುರಕ್ಷಿತವಾಗಿ ಕತ್ತರಿಸಬಹುದು, ಏಕೆಂದರೆ ಕತ್ತರಿಸುವಾಗ ಬೀಳುವ ಒತ್ತಡ ಅಲಗನ್ನು ತೆರೆಯುವ ದಿಕ್ಕಿಗೇ ಇರುತ್ತದೆ. ಅಪಾಯ ಇರುವುದು ಚುಚ್ಚುವಾಗ, ಕೊರೆಯುವಾಗ. ಆಗ ಅಲಗು ಹಿಂದಕ್ಕೆ ಮಡಚಿ ಬೆರಳ ಮೇಲೆ ಬರಬಹುದು. ಪ್ಲಾಸ್ಟಿಕ್ ಕ್ಯಾನಿಗೆ ತೂತು ಮಾಡುವುದು, ಬಳಚಿನ ಚಿಪ್ಪು ಮೀಟುವುದು, ಇಂಥವೆಲ್ಲ ಇದ್ದರೆ ಲಾಕ್ ಇರಲಿ. (ಬಳಚಿಗೆ ಮೊಂಡು ಅಲಗಿನ ಬೇರೆಯೇ ಚಾಕು ಇಟ್ಟುಕೊಳ್ಳುವುದು ಒಳ್ಳೆಯದು. ತೆಳು ಅಲಗನ್ನು ಅಡ್ಡಕ್ಕೆ ತಿರುಗಿಸಿದರೆ ಮುಕ್ಕಾಗದೆ ಇರುವುದಿಲ್ಲ.)

ಲಾಕ್ ಇದ್ದರೆ ಯಾವ ಬಗೆಯದು ಎಂಬುದೂ ಮುಖ್ಯ. ಬಹುತೇಕ ಅಗ್ಗದ ಚಾಕುಗಳಲ್ಲಿ ಲೈನರ್ ಲಾಕ್ ಇರುತ್ತದೆ. ಹಿಡಿಯೊಳಗಿನ ತೆಳು ತಗಡೊಂದು ಪಕ್ಕಕ್ಕೆ ಸರಿದು ಅಲಗಿನ ಬುಡಕ್ಕೆ ಆನಿಕೊಳ್ಳುತ್ತದೆ. ಆ ಆನಿಕೆಯ ಜಾಗದಲ್ಲಿ ಮರಳಿನ ಕಾಳೋ ಒಣಗಿದ ಮೀನಿನ ಪೊರೆಯೋ ಕೂತರೆ ತಗಡು ಪೂರ್ತಿ ಸರಿಯುವುದಿಲ್ಲ, ನಿಮಗೆ ಮಾತ್ರ ಲಾಕ್ ಬಿದ್ದಿದೆ ಅನಿಸುತ್ತದೆ. ಅದಕ್ಕೇ ತೆರೆದಾಗಲೆಲ್ಲ ಅಲಗಿನ ಬೆನ್ನನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತಿ ನೋಡುವ ಅಭ್ಯಾಸ ಇರಲಿ, ಉಳಿದ ಬೆರಳು ಅಲಗಿನ ದಾರಿಯಲ್ಲಿರದಂತೆ. ಮತ್ತು ಹಿಡಿ ಹಿಂಬದಿ ತೆರೆದಿರಲಿ, ಒಂದು ಬದಿಯಿಂದ ನೀರು ಬಿಟ್ಟರೆ ಇನ್ನೊಂದು ಬದಿಯಿಂದ ಕಸ ಕೊಚ್ಚಿಕೊಂಡು ಬರುವಂತೆ. ಇಡೀ ಹಿಡಿ ಮುಚ್ಚಿರುವ ಚಾಕು ತೊಳೆಯಲು ಬಾರದು, ತೊಳೆದರೂ ಒಣಗದು.

ಮರದ ಹಿಡಿಯ ಒಪಿನೆಲ್ ಬಗ್ಗೆ ಹಲವರು ಕೇಳುತ್ತಾರೆ. ಫ್ರಾನ್ಸಿನ ಸವಾಯ್ ಪ್ರಾಂತದಲ್ಲಿ 1890ರಲ್ಲಿ ಜೋಸೆಫ್ ಒಪಿನೆಲ್ ರೈತರಿಗಾಗಿ ಮಾಡಿದ ಚಾಕು ಅದು. ಕತ್ತಿನಲ್ಲಿ ತಿರುಗಿಸುವ ಉಕ್ಕಿನ ಬಳೆಯ ಲಾಕ್ ಸೇರಿದ್ದು 1955ರಲ್ಲಿ. 8ನೇ ನಂಬರಿನದಕ್ಕೆ ಎಂಟೂವರೆ ಸೆಂಟಿಮೀಟರ್ ಅಲಗು, ತೂಕ 50 ಗ್ರಾಂ ಆಸುಪಾಸು. ಇಷ್ಟು ತೆಳುವಾದ, ಇಷ್ಟು ಚೆನ್ನಾಗಿ ಕತ್ತರಿಸುವ ಅಲಗು ಆ ಬೆಲೆಗೆ ಬೇರೆಲ್ಲೂ ಸಿಗದು. ಬೇಸಿಗೆಯಲ್ಲಿ ನನಗೂ ಬಹಳ ಇಷ್ಟ. ಆದರೆ ನಮ್ಮ ಮಳೆಗಾಲ ಅದಕ್ಕೆ ಶತ್ರು. ಆಷಾಢದಲ್ಲಿ ಮರದ ಹಿಡಿ ನೀರು ಕುಡಿದು ಊದಿಕೊಂಡು ಅಲಗನ್ನು ಕಚ್ಚಿ ಹಿಡಿಯುತ್ತದೆ, ಉಗುರಿನಿಂದ ತೆರೆಯಲು ಹೋದರೆ ಉಗುರೇ ಕಿತ್ತು ಬರುತ್ತದೆ. ಕೊಳ್ಳುವುದೇ ಆದರೆ ಸ್ಟೇನ್‌ಲೆಸ್ ಅಲಗಿನದು ಕೊಳ್ಳಿ, ಕೀಲಿನ ಹತ್ತಿರದ ಮರಕ್ಕೆ ಅಗಸೆ ಎಣ್ಣೆ ಕುಡಿಸಿ ಚೆನ್ನಾಗಿ ಒಣಗಿಸಿ. ಊದುವುದು ಪೂರ್ತಿ ನಿಲ್ಲದಿದ್ದರೂ ಕಡಿಮೆಯಾಗುತ್ತದೆ.

ನಿಮಗೆ ನನ್ನ ಮೊದಲ ಶಿಫಾರಸು ವಿಕ್ಟೋರಿನಾಕ್ಸ್‌ನ ಕೆಡೆಟ್, ಅಲ್ಯುಮಿನಿಯಂ ಹಿಡಿಯದು. ಮಡಚಿದಾಗ 84 ಮಿಲಿಮೀಟರ್, ತೂಕ 46 ಗ್ರಾಂ. ಹಿಡಿಯ ಮೇಲೆ ಒತ್ತಿದ ಗೀರುಗಳಿಂದ ಒದ್ದೆ ಕೈಗೂ ಹಿಡಿತ ಸಿಗುತ್ತದೆ, ಹಿಂದೆ ಬಳೆ ಇದೆ. ಲಾಕ್ ಇಲ್ಲ. ಲಾಕ್ ಬೇಕೇ ಬೇಕು ಎಂದಾದರೆ 14ಸಿ28ಎನ್ ಅಥವಾ 12ಸಿ27 ಅಲಗಿನ, ನೈಲಾನ್ ಅಥವಾ ಜಿ10 (ಗಾಜಿನ ನಾರು ಮತ್ತು ಅಂಟಿನಿಂದ ಮಾಡಿದ ಗಟ್ಟಿ ಹಲಗೆ) ಹಿಡಿಯ, 80 ಗ್ರಾಂ ಒಳಗಿನ ಯಾವುದಾದರೂ ಹುಡುಕಿ. ಕಂಪನಿಯ ಹೆಸರಿಗಿಂತ ಈ ಮೂರು ಸಂಗತಿ ಮುಖ್ಯ. ಉಕ್ಕಿನ ಹೆಸರನ್ನೇ ಹೇಳದೆ ಬರೀ ಸ್ಟೇನ್‌ಲೆಸ್ ಎಂದು ಬರೆದಿರುವ ಚಾಕು ಬೇಡ. ಸ್ವಿಸ್ ಚಾಕುವಿನ ನಕಲಿಗಳೂ ಬಹಳ. ಅಲಗಿನ ಬುಡದಲ್ಲಿ ಕಂಪನಿಯ ಹೆಸರಿನ ಅಚ್ಚು ಸ್ಪಷ್ಟವಾಗಿರಬೇಕು. ತೆರೆದು ಬೆಳಕಿಗೆ ಹಿಡಿದರೆ ಅಲಗು ಮತ್ತು ಸ್ಪ್ರಿಂಗ್ ನಡುವೆ ಕಿಂಡಿ ಕಾಣಬಾರದು, ಅಲಗು ಅತ್ತಿತ್ತ ಅಲ್ಲಾಡಬಾರದು.

ಅಪ್ಪನ ಮಾತಿಗೆ ಬರುತ್ತೇನೆ. ಅವರು ಹೇಳುವುದರಲ್ಲಿ ತೂಕವಿದೆ. ಕಿಸೆಯ ಚಾಕು ಕತ್ತಿಯ ಜಾಗ ತುಂಬಲಾರದು. ಎಳನೀರು ಕೆತ್ತುವುದು, ಬಾಳೆಗೊನೆ ಇಳಿಸುವುದು, ಸೊಪ್ಪು ಕಡಿಯುವುದು, ಹಾಳೆ ಸವರುವುದು ಇದರಿಂದ ಆಗದು, ಮಾಡಲು ಹೋದರೆ ಕೀಲು ಸಡಿಲವಾಗುತ್ತದೆ. ಇನ್ನೂ ಒಂದು ಕೆಲಸಕ್ಕೆ ಅಪ್ಪನ ಕತ್ತಿಯೇ ಬೇಕು. ಅಡಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಬೆರೆಸಿ ಬೋರ್ಡೋ ದ್ರಾವಣ ಮಾಡುವಾಗ ಸುಣ್ಣ ಸಾಕಾಯಿತೇ ಎಂದು ನೋಡಲು ಉಜ್ಜಿ ಚೊಕ್ಕ ಮಾಡಿದ ಕತ್ತಿಯನ್ನು ಅದ್ದುತ್ತಾರಲ್ಲ, ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತರೆ ಮೈಲುತುತ್ತ ಇನ್ನೂ ಉಳಿದಿದೆ, ಸುಣ್ಣ ಹಾಕಬೇಕು ಎಂದರ್ಥ. ಈ ಪರೀಕ್ಷೆಯನ್ನು ಹೊಸ ಸ್ಟೇನ್‌ಲೆಸ್ ಚಾಕುವಿನಿಂದ ಮಾಡಬೇಡಿ. ಕ್ರೋಮಿಯಂ ಪದರ ಕಬ್ಬಿಣವನ್ನು ಮುಚ್ಚಿಟ್ಟಿರುವುದರಿಂದ ತಾಮ್ರ ಕೂರುವುದಿಲ್ಲ, ದ್ರಾವಣ ಸರಿಯಿಲ್ಲದಿದ್ದರೂ ಸರಿಯಿದ್ದಂತೆ ಕಾಣುತ್ತದೆ, ಅಡಕೆಯ ಎಳೆ ಮಿಳ್ಳೆ ಸುಟ್ಟ ಮೇಲೆ ಗೊತ್ತಾಗುತ್ತದೆ. ಕಾರ್ಖಾನೆಗಳಲ್ಲಿ ಸ್ಟೇನ್‌ಲೆಸ್ ಪದರ ಗಟ್ಟಿಯಾಗಿ ಕೂತಿದೆಯೇ ಎಂದು ಪರೀಕ್ಷಿಸಲು ಬಳಸುವುದೂ ಇದೇ ಮೈಲುತುತ್ತದ ದ್ರಾವಣವನ್ನೇ. ಆದ್ದರಿಂದ ಮನೆಯಲ್ಲಿ ಎರಡೂ ಇರಲಿ.

ಆರೈಕೆ ದೊಡ್ಡದೇನಲ್ಲ. ಕಡಲಿಗೆ ಹೋಗಿ ಬಂದ ದಿನ ಚಾಕು ತೆರೆದು ನಲ್ಲಿಯ ಸಿಹಿನೀರಿನಲ್ಲಿ ಕೀಲಿನೊಳಗೆ ನೀರು ಹೋಗುವಂತೆ ತೊಳೆಯಿರಿ, ಕೊಡವಿ, ತೆರೆದಿಟ್ಟೇ ಒಣಗಿಸಿ. ಒದ್ದೆಯಲ್ಲಿ ಮಡಚಿ ಕಿಸೆಗೆ ಹಾಕುವುದೇ ಹೆಚ್ಚಿನ ಚಾಕುಗಳು ಹಾಳಾಗುವ ದಾರಿ. ಒಣಗಿದ ಮೇಲೆ ಕೀಲಿಗೆ ಒಂದು ತೊಟ್ಟು ಹೊಲಿಗೆ ಯಂತ್ರದ ಎಣ್ಣೆ ಸಾಕು. ಹಣ್ಣು ಹೆಚ್ಚುವ ಚಾಕುವಾದ್ದರಿಂದ ಅಲಗಿನ ಮೇಲೆ ಅದು ಉಳಿಯದಂತೆ ಒರೆಸಿ. ತಿನ್ನಲು ಬರುವ ಮಿನರಲ್ ಎಣ್ಣೆ ಸಿಕ್ಕರೆ ಇನ್ನೂ ಒಳ್ಳೆಯದು. ಕೈಗೆ ಸಿಗುವುದು ತೆಂಗಿನೆಣ್ಣೆ ಎಂದು ಕೀಲಿಗೆ ಅದನ್ನೇ ಬಿಡಬೇಡಿ. 24 ಡಿಗ್ರಿ ಕೆಳಗೆ ಅದು ಗಟ್ಟಿಯಾಗುತ್ತದೆ, ಶಿರಸಿಯ ಚಳಿಗಾಲದ ಬೆಳಗಿನಲ್ಲಿ ಚಾಕು ತೆರೆಯದೆ ಸತಾಯಿಸುತ್ತದೆ. ಹಲಸಿನ ಮೇಣ ಬಿಡಿಸಲು ಮಾತ್ರ ತೆಂಗಿನೆಣ್ಣೆಗೆ ಸಾಟಿಯಿಲ್ಲ. ಬಟ್ಟೆಗೆ ಹಚ್ಚಿ ಅಲಗಿನ ಬೆನ್ನಿನ ಕಡೆಯಿಂದ ಒರೆಸಿ, ಆಮೇಲೆ ಸೋಪಿನ ನೀರು.

ಮಸೆಯಲು ಸಾವಿರ ನಂಬರಿನ ಒಂದು ಕಲ್ಲು ಸಾಕು. ಕಲ್ಲು ಒದ್ದೆ ಮಾಡಿ, ಅಲಗಿನ ಬೆನ್ನನ್ನು ಕಲ್ಲಿನಿಂದ ಸ್ವಲ್ಪವೇ ಎತ್ತಿ ಹಿಡಿಯಿರಿ. ಎರಡು ಸೆಂಟಿಮೀಟರ್ ಅಗಲದ ಅಲಗಾದರೆ ಬೆನ್ನು ಆರೇಳು ಮಿಲಿಮೀಟರ್ ಮೇಲೆ ಇದ್ದರೆ ಇಪ್ಪತ್ತು ಡಿಗ್ರಿ ಆಸುಪಾಸು ಬರುತ್ತದೆ. ಎತ್ತರ ಬದಲಾಗದಂತೆ ಬುಡದಿಂದ ಮೊನೆಯವರೆಗೆ ಎಳೆಯಿರಿ. ಒಂದೇ ಬದಿ ಮಸೆಯುತ್ತಾ ಹೋದಾಗ ಇನ್ನೊಂದು ಬದಿಗೆ ಲೋಹದ ಸಣ್ಣ ಎಳೆ ಮಡಚಿಕೊಳ್ಳುತ್ತದೆ. ಕಣ್ಣಿಗೆ ಕಾಣದಿದ್ದರೂ ಉಗುರನ್ನು ಬಾಯಿಯ ಕಡೆಗೆ ಮೆಲ್ಲನೆ ಎಳೆದರೆ ತಡೆಯುತ್ತದೆ. ಆ ಎಳೆ ಬುಡದಿಂದ ಮೊನೆಯವರೆಗೂ ಬಂದ ಮೇಲೆಯೇ ಬದಿ ಬದಲಿಸಬೇಕು. ಹೆಚ್ಚಿನವರು ಇದಕ್ಕೆ ಕಾಯುವುದಿಲ್ಲ, ಅತ್ತ ನಾಲ್ಕು ಇತ್ತ ನಾಲ್ಕು ಎಳೆದು ಹರಿತ ಬರಲಿಲ್ಲ ಎನ್ನುತ್ತಾರೆ. ಕೊನೆಗೆ ಒತ್ತಡ ಬಿಟ್ಟು ಹಗುರಕ್ಕೆ ಬದಿ ಬದಲಿಸುತ್ತಾ ಎಳೆದು, ಹಳೆಯ ತೊಗಲಿನ ಬೆಲ್ಟಿನ ಒಳಬದಿಗೆ ಬೆನ್ನು ಮುಂದಾಗಿ ಉಜ್ಜಿದರೆ ಎಳೆ ಉದುರುತ್ತದೆ. ಊರಲ್ಲಿ ಕಲ್ಲು ಸಿಗದಿದ್ದಾಗ ಪಿಂಗಾಣಿ ಕಪ್ಪನ್ನು ಬೋರಲು ಹಾಕಿ, ಅಡಿಯ ಹೊಳಪಿಲ್ಲದ ಉಂಗುರದ ಮೇಲೆ ನಾಲ್ಕಾರು ಸಲ ಎಳೆದರೂ ಹಣ್ಣು ಹೆಚ್ಚುವಷ್ಟು ಹರಿತ ಮರಳುತ್ತದೆ. ಬೀದಿಯ ಸಾಣೆ ಚಕ್ರಕ್ಕೆ ಮಾತ್ರ ಕೊಡಬೇಡಿ. ಕಿಡಿ ಹಾರುವಷ್ಟು ಬಿಸಿಗೆ ತೆಳು ಅಂಚಿನ ಹದವೇ ಹೋಗುತ್ತದೆ.

ಕಾನೂನಿನ ಬಗ್ಗೆ: 2016ರ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ ಬರುವುದು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳು, ಅದರಲ್ಲೂ ಮನೆಬಳಕೆ, ಕೃಷಿ, ಕೈಗಾರಿಕೆಗೆಂದು ಮಾಡಿದವನ್ನು ಬಿಟ್ಟು. ಮೂರು ಇಂಚಿನ ಹಣ್ಣಿನ ಚಾಕು ಅದರ ಹತ್ತಿರವೂ ಬರುವುದಿಲ್ಲ. ಬಟನ್ ಒತ್ತಿದರೆ ಸ್ಪ್ರಿಂಗಿನಿಂದ ಚಿಮ್ಮುವಂಥದ್ದು ಮಾತ್ರ ಬೇಡವೇ ಬೇಡ, ಪೊಲೀಸರಿಗೆ ಅನುಮಾನ ಬರುವುದೇ ಅಂಥದ್ದನ್ನು ಕಂಡಾಗ. ಚುನಾವಣೆ ಅಥವಾ ಗಲಭೆಯ ಸಮಯದಲ್ಲಿ ಜಿಲ್ಲಾಧಿಕಾರಿಗಳು ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಮಿನಡಿ, ಅಂದರೆ ಹಿಂದಿನ 144ರಂತೆ, ನಿಷೇಧಾಜ್ಞೆ ಹೊರಡಿಸಿದರೆ ಆಗ ಚಾಕು ಮನೆಯಲ್ಲೇ ಇರಲಿ. ಮಾರಿಕಾಂಬಾ ಜಾತ್ರೆಯಂಥ ಜನಜಂಗುಳಿಗೂ ಒಯ್ಯಬೇಡಿ. ಕಾರವಾರದ ನೌಕಾನೆಲೆಗೋ ಕೈಗಾ ಅಣುಸ್ಥಾವರಕ್ಕೋ ಕೆಲಸದ ಮೇಲೆ ಹೋಗುವುದಿದ್ದರೆ ಬೆಳಿಗ್ಗೆ ಹೊರಡುವಾಗಲೇ ಕಿಸೆ ತಡವಿ ನೋಡಿಕೊಳ್ಳಿ. ಹುಬ್ಬಳ್ಳಿಯಿಂದಲೋ ಗೋವಾದಿಂದಲೋ ವಿಮಾನ ಹತ್ತುವಾಗ ಚಾಕುವನ್ನು ಒಳಗೆ ಕಳಿಸುವ ದೊಡ್ಡ ಚೀಲದಲ್ಲಿ ಹಾಕಿ. ಕೈಚೀಲದಲ್ಲಿ ಸಿಕ್ಕರೆ ತಪಾಸಣೆಯಲ್ಲಿ ತೆಗೆದಿಟ್ಟುಕೊಳ್ಳುತ್ತಾರೆ, ಮರಳಿ ಸಿಗುವುದಿಲ್ಲ.